ಜಯದೇವಿ ಆಂಟಿ ಆರಿಸಿದ ಗಾಡಿ

ಮೋಹನರಾಜ ಮೊದಲು ಒಪ್ಪಿಕೊಂಡದ್ದು ದೋಣಿಯನ್ನು. ಅದನ್ನು ಎಳೆದು ತರುವ ಗಾಡಿಯ ಯೋಚನೆ ಬಂದದ್ದು ಆಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತಲ್ಲೋ ಎಂದು ಆಫೀಸಿನ ಕನ್ನಡದ ಗೆಳೆಯರು ನಕ್ಕರು. ಅವನೂ ನಕ್ಕ.

ಹ್ಯೂಸ್ಟನ್ನಿನಲ್ಲಿದ್ದ ಅವನ ಹಳೆಯ ಮ್ಯಾನೇಜರ್ ವಾಲ್ಟರ್‌ಗೆ ಆ ವರ್ಷ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ಎರಡೂ ಮಂಡಿಯ ಆಪರೇಶನ್ ಆಗಿತ್ತು. ಇನ್ನು ದೋಣಿ ಹತ್ತಿ ಇಳಿಯುವುದು ತನ್ನಿಂದಾಗದು ಎಂದು ತೀರ್ಮಾನಿಸಿದ ಆತ, ಯಾರೋ ಅಪರಿಚಿತರಿಗೆ ಮಾರುವ ಬದಲು ನೀನೇ ತೆಗೆದುಕೋ ಎಂದು ಮೋಹನರಾಜನಿಗೆ ಫೋನ್ ಮಾಡಿದ್ದ. ಇಪ್ಪತ್ತೊಂದು ಅಡಿ ಉದ್ದದ ಬಿಳಿ ದೋಣಿ, ನಡುವಿಗೆ ನೀಲಿ ಪಟ್ಟಿ, ಆರೇಳು ಜನ ಕೂರಬಹುದು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿಗೆ ಮನೆ ಶಿಫ್ಟ್ ಮಾಡಿ ಐದು ವರ್ಷವಾಗಿದ್ದರೂ ಮೋಹನರಾಜ ಹತ್ತಿರದ ಕೆರೆ ಲೇಕ್ ಟ್ರ್ಯಾವಿಸ್ಸನ್ನು ನೋಡಿದ್ದು ದಡದಿಂದಲೇ. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಗಾಡಿ ಆರಿಸುವ ಕೆಲಸವನ್ನು ಅವನು ಚಿಪ್ ಡಿಸೈನ್ ಮಾಡುವ ಶ್ರದ್ಧೆಯಿಂದಲೇ ಹಿಡಿದ. ಹದಿನಾಲ್ಕು ಮಾಡೆಲ್‌ಗಳ ಹೆಸರು ಸ್ಪ್ರೆಡ್‌ಶೀಟಿನಲ್ಲಿ ಬರೆದ. ಎಂಜಿನ್ನಿನ ಶಕ್ತಿ, ಮೈಲೇಜು, ಲೆದರ್ ಸೀಟು, ಹಿಂದಿನ ಸೀಟಿನವರಿಗೆ ಡಿವಿಡಿ ಪರದೆ, ಎಲ್ಲಕ್ಕೂ ಒಂದೊಂದು ಅಂಕ ಕೊಟ್ಟ. ಮೂರು ವಾರ ಕೂಡಿ ಕಳೆದ ಮೇಲೆ ಗೆದ್ದದ್ದು ಕಡುಗೆಂಪು ಬಣ್ಣದ ಒಂದು ಹೊಸ ಎಸ್‌ಯುವಿ. ಐದು ಸಾವಿರ ಪೌಂಡ್ ಎಳೆಯುತ್ತದೆ ಎಂದು ಅದರ ಪುಸ್ತಿಕೆ ಹೇಳುತ್ತಿತ್ತು. ದೋಣಿಯ ಪುಸ್ತಿಕೆಯಲ್ಲಿ ತೂಕ ಮೂರು ಸಾವಿರದ ಆರುನೂರು ಎಂದಿತ್ತು. ಲೆಕ್ಕ ಮುಗಿಯಿತು ಎಂದುಕೊಂಡ.

ಹೆಂಡತಿ ಸರೋಜಾ ಆ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಜಯದೇವಿ ಆಂಟೀನ ಒಂದು ಮಾತು ಕೇಳೋಣ" ಅಂದಳು.

ಜಯದೇವಿ ಡಾಲಸ್ ಪಕ್ಕದ ಇರ್ವಿಂಗಿನವರು. ಮೋಹನರಾಜ ಅಮೆರಿಕಕ್ಕೆ ಬಂದ ಹೊಸದರಲ್ಲಿ ಅಲ್ಲಿಯೇ ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದವರು. ಸರೋಜಾಳಿಗೆ ಕಾರು ಕಲಿಸಿದ್ದೇ ಅವರು. ಬಾಗಲಕೋಟೆಯ ಕಡೆಯ ಹೆಂಗಸು, ಆಗಲೇ ಐವತ್ತರ ಹತ್ತಿರ. ಗಂಡ ನೀಲಕಂಠಪ್ಪನವರು ಟೆಲಿಕಾಂ ಕಂಪನಿಯೊಂದರಲ್ಲಿದ್ದರು. ಎರಡು ಸಾವಿರದ ಒಂದರಲ್ಲಿ ಡಾಲಸ್ಸಿನ ಟೆಲಿಕಾಂ ಕಂಪನಿಗಳು ಸಾಲಾಗಿ ಮುಗ್ಗರಿಸಿದಾಗ ಅವರ ಕೆಲಸವೂ ಹೋಯಿತು. ಬಿಪಿ, ಸಕ್ಕರೆ ಎರಡೂ ಇದ್ದ ಗಂಡನಿಗೆ ಇನ್ಶೂರೆನ್ಸ್ ಇಲ್ಲದೆ ನಡೆಯುವಂತಿರಲಿಲ್ಲ. ಜಯದೇವಿ ಯಾರನ್ನೂ ಕೇಳದೆ ಹೋಗಿ, ಇನ್ಶೂರೆನ್ಸೂ ಸಿಗುವ ಸ್ಕೂಲ್ ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದರು. ದೊಡ್ಡ ಗಾಡಿಯ ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದರು. ವರ್ಷದ ಮೇಲೆ ಗಂಡನಿಗೆ ಬೇರೆ ಕೆಲಸ ಸಿಕ್ಕರೂ ಇವರು ಬಸ್ಸು ಬಿಡಲಿಲ್ಲ.

ಡಾಲಸ್ಸಿನ ಕನ್ನಡ ಸಂಘದಲ್ಲಿ ಕೆಲವರಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ಒಮ್ಮೆ ಅಲ್ಲಿಗೆ ಹೋಗಿದ್ದಾಗ ರಾಜ್ಯೋತ್ಸವದ ಊಟದಲ್ಲಿ ಯಾರೋ ಹೊಸಬರು, ಆ ಆಂಟಿ ಏನು ಮಾಡ್ಕೊಂಡಿದ್ದಾರೆ ಎಂದು ಕೇಳಿದಾಗ ಮೋಹನರಾಜನೇ, ಸ್ಕೂಲಿನಲ್ಲಿದ್ದಾರೆ ಎಂದಷ್ಟೇ ಹೇಳಿ ಮಾತು ಬದಲಿಸಿದ್ದ. ಆ ಕ್ಷಣದಲ್ಲಿ ಎಲೆಗೆ ಹೋಳಿಗೆ ಬಡಿಸುತ್ತಿದ್ದವರು ಅವರೇ. ಕೇಳಿಸಿತೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಸರೋಜಾ ಫೋನ್ ಹಚ್ಚಿ ಅವನ ಕೈಗೆ ಕೊಟ್ಟಳು. ಅವನು ಸ್ಪ್ರೆಡ್‌ಶೀಟನ್ನು ಪೂರ್ತಿ ಓದಿ ಹೇಳುವವರೆಗೆ ಜಯದೇವಿ ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ದೋಣಿ ತೂಕ ಎಷ್ಟೈತಿ, ತಮ್ಮಾ?"

"ಮೂರು ಸಾವಿರದ ಆರುನೂರು, ಆಂಟಿ."

"ಅದು ಕಾಗದದ ಮ್ಯಾಲಿನ ತೂಕ. ತಕ್ಕಡಿ ಮ್ಯಾಲಿಂದು ಹೇಳು."

ಹೆದ್ದಾರಿಯ ಪಕ್ಕದಲ್ಲಿ ಲಾರಿಗಳನ್ನು ನಿಲ್ಲಿಸಿ ತೂಗುವ ಕಟ್ಟೆಗಳಿರುತ್ತವೆ, ವಾಲ್ಟರ್‌ಗೆ ಅಲ್ಲಿ ಒಮ್ಮೆ ತೂಗಿಸಿಕೊಂಡು ಬರಲು ಹೇಳು ಅಂದರು ಜಯದೇವಿ. ಖಾಲಿ ದೋಣಿಯಲ್ಲ, ಟ್ಯಾಂಕಿನ ತುಂಬ ಪೆಟ್ರೋಲು, ಲಂಗರು, ಹಗ್ಗ, ಲೈಫ್ ಜಾಕೆಟ್ಟು, ಐಸ್ ಪೆಟ್ಟಿಗೆ, ಕೆರೆಗೆ ಹೋಗುವ ದಿನ ಏನೇನಿರುತ್ತದೋ ಎಲ್ಲ ಇಟ್ಟು, ಟ್ರೈಲರ್ ಸಮೇತ. ವಾಲ್ಟರ್ ಮಂಡಿನೋವಿನಲ್ಲೂ ತನ್ನ ಅಳಿಯನನ್ನು ಜೊತೆಗೆ ಕರೆದುಕೊಂಡು ಹೋಗಿ ತೂಗಿಸಿದ. ದೋಣಿ ಕೊಂಡ ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ತನಗೆ ಯಾರೂ ಕೇಳಿರಲಿಲ್ಲ ಎಂದೂ ಹೇಳಿದ. ಬಂದ ತೂಕ ಐದು ಸಾವಿರದ ಏಳುನೂರ ಇಪ್ಪತ್ತು ಪೌಂಡು.

ಮೋಹನರಾಜ ಆ ಕಡುಗೆಂಪು ಗಾಡಿಯ ಸಾಲನ್ನು ಪಟ್ಟಿಯಿಂದ ಅಳಿಸಿದ. ಅಳಿಸುತ್ತಾ ಹೋದ ಹಾಗೆ ಹದಿನಾಲ್ಕರಲ್ಲಿ ಮೂರು ಉಳಿದವು. ಆ ಮೂರರಲ್ಲಿ ಯಾವುದಕ್ಕೂ ಅವನು ಒಳ್ಳೆಯ ಅಂಕ ಕೊಟ್ಟಿರಲಿಲ್ಲ.

ಜೂನ್ ಎರಡನೆಯ ವಾರ ಶಾಲೆಗಳಿಗೆ ರಜೆ, ಬಸ್ಸಿಗೂ ರಜೆ. ಒಂದು ವಾರ ನಾನು ಖಾಲಿ ಇದ್ದೀನಿ, ಇಲ್ಲಿಗೇ ಬರ್ರಿ, ಡಾಲಸ್ಸಿನಲ್ಲಿ ಗಾಡಿಗಳಿಗೇನು ಬರ ಎಂದು ಜಯದೇವಿ ಕರೆದರು. ಮೋಹನರಾಜ, ಸರೋಜಾ, ಹತ್ತು ವರ್ಷದ ಮಗಳು ಸಿಯಾ ಹಳೆಯ ಮಿನಿವ್ಯಾನಿನಲ್ಲಿ ಶುಕ್ರವಾರ ಸಂಜೆ ಇರ್ವಿಂಗ್ ಸೇರಿದರು. ರೊಟ್ಟಿ, ಎಣ್ಣೆಗಾಯಿ ಪಲ್ಯ ಕಾಯುತ್ತಿದ್ದವು. ಗಾಡಿಯ ಮಾತನ್ನು ಆಂಟಿ ಊಟದಲ್ಲಿ ಎತ್ತಲೇ ಇಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅವರು ಜೀನ್ಸು, ಉದ್ದ ತೋಳಿನ ಅಂಗಿ, ತಲೆಗೊಂದು ಟೋಪಿ ಹಾಕಿಕೊಂಡು ಹೊರಟರು. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಮಡಿಸಿದ ರಟ್ಟು. ಆ ರಟ್ಟು ಯಾಕೆಂದು ಪಕ್ಕದ ಊರು ಫಾರ್ಮರ್ಸ್ ಬ್ರಾಂಚಿನ ಮೊದಲ ಡೀಲರ್ ಹತ್ತಿರ ಗೊತ್ತಾಯಿತು. ಡಾಂಬರು ಆಗಲೇ ಬಿಸಿಯೇರಿದ್ದ ಅಂಗಳದಲ್ಲಿ ಅವರು ರಟ್ಟು ಹಾಸಿ, ಅದರ ಮೇಲೆ ಅಂಗಾತ ಮಲಗಿ, ಟಾರ್ಚು ಹಿಡಿದು ಒಂದು ಪಿಕಪ್ ಟ್ರಕ್ಕಿನ ಕೆಳಗೆ ತೂರಿಕೊಂಡರು. ಮೋಹನರಾಜನಿಗೆ ಕಂಡದ್ದು ಎರಡು ಕ್ಯಾನ್ವಾಸ್ ಶೂಗಳು ಮಾತ್ರ. ಐದು ನಿಮಿಷದ ಮೇಲೆ ಎದ್ದು, ಅಂಗಿ ಕೊಡವಿಕೊಂಡು, ಇದು ಎಲ್ಲೋ ನೀರಿನಲ್ಲಿ ನಿಂತು ಬಂದ ಗಾಡಿ, ಅಡಿಯ ಮೂಲೆಗಳಲ್ಲಿ ಕೆಸರಿನ ಗೆರೆ ಇನ್ನೂ ಹಾಗೇ ಇದೆ ಅಂದರು. ಮೇಲಿನಿಂದ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಎರಡನೆಯ ಕಡೆ ಒಂದು ಗಾಡಿಯ ಹಿಂದಿನ ಬಂಪರಿನ ಮೇಲೆ ಮೋಹನರಾಜನನ್ನೂ ಸರೋಜಾಳನ್ನೂ ಹತ್ತಿಸಿ ನಿಲ್ಲಿಸಿದರು. ದೋಣಿಯ ತೂಕದಲ್ಲಿ ಹತ್ತರಲ್ಲೊಂದು ಪಾಲು ಎಳೆಯುವ ಗಾಡಿಯ ಬೆನ್ನಿನ ಮೇಲೇ ಕೂರುತ್ತದೆ, ಇಬ್ಬರು ನಿಂತರೇ ಇಷ್ಟು ಕುಸಿದರೆ ದೋಣಿ ಕಟ್ಟಿದಾಗ ಮುಂದಿನ ಗಾಲಿಗೆ ನೆಲದ ಹಿಡಿತ ಸಿಗುವುದಿಲ್ಲ ಎಂದು ತೋರಿಸಿದರು. ಅದೂ ಬಿಟ್ಟುಹೋಯಿತು.

ಮೂರನೆಯ ಕಡೆ, ಹಿಂದಿನ ಸಾಲಿನಲ್ಲಿ, ಯಾರೂ ತಿರುಗಿ ನೋಡದ ಸಬರ್ಬನ್ ಎಂಬ ಉದ್ದನೆಯ ಬಿಳಿ ಗಾಡಿಯೊಂದು ನಿಂತಿತ್ತು. ಮೂರು ವರ್ಷ ಹಳೆಯದು. ಸೀಟು ಬಟ್ಟೆಯದು. ಪರದೆ ಗಿರದೆ ಏನೂ ಇಲ್ಲ. ಆದರೆ ಅದು ಸಾಮಾನ್ಯದ್ದಲ್ಲ, ಭಾರದ ಕೆಲಸಕ್ಕೆಂದೇ ಕಟ್ಟಿದ ದಪ್ಪ ಮೂಳೆಯ ಜಾತಿ. ಜಯದೇವಿ ಬಾಗಿಲು ತೆಗೆದು, ಅಂಚಿಗೆ ಅಂಟಿಸಿದ್ದ, ಗಾಡಿ ಎಷ್ಟು ಭಾರ ತಾಳುತ್ತದೆಂಬ ಚೀಟಿಯ ಸಣ್ಣಕ್ಷರಗಳನ್ನು ಕನ್ನಡಕ ಏರಿಸಿ ಓದಿದರು. ರಟ್ಟು ಹಾಸಿದರು. ಕೆಳಗೆ ಹೋದರು. ಬಾನೆಟ್ ಎತ್ತಿಸಿ, ಗೇರಿನ ಎಣ್ಣೆಯ ಕಡ್ಡಿಯನ್ನು ಎಳೆದು, ಸುಟ್ಟ ವಾಸನೆ ಇದೆಯೇ ಎಂದು ಮೂಗಿನ ಹತ್ತಿರ ತಂದು ಮೂಸಿದರು. ರೇಡಿಯೇಟರಿನ ಮುಂದೆ ಇನ್ನೊಂದು ಪುಟ್ಟ ಜಾಲರಿ ಇತ್ತು. ಅದು ಗೇರಿನ ಎಣ್ಣೆಯನ್ನು ತಂಪಾಗಿಡುವುದು, ಏರಿನಲ್ಲಿ ಭಾರ ಎಳೆಯುವಾಗ ಅದೇ ಗಾಡಿಯ ಜೀವ ಉಳಿಸುತ್ತದೆ ಎಂದು ಸಿಯಾಳನ್ನು ಎತ್ತಿ ತೋರಿಸಿದರು.

ಸೇಲ್ಸ್‌ಮನ್ ಅದುವರೆಗೆ ಮೋಹನರಾಜನ ಮುಖ ನೋಡಿಕೊಂಡೇ ಮಾತಾಡುತ್ತಿದ್ದ. ಪ್ರಶ್ನೆ ಕೇಳುವವರು ಆಂಟಿ, ಉತ್ತರ ಬರುತ್ತಿದ್ದದ್ದು ಮೋಹನರಾಜನಿಗೆ. ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ ಎಷ್ಟು ಎಂದು ಜಯದೇವಿ ಕೇಳಿದಾಗ ಅವನು ತಡವರಿಸಿ, ನಗುತ್ತಾ, ಈ ಲೇಡಿ ಮೆಕ್ಯಾನಿಕ್ಕೇ ಎಂದು ಮೋಹನರಾಜನನ್ನು ಕೇಳಿದ. ಮೋಹನರಾಜನಿಗೆ ಒಮ್ಮೆಲೇ ಆ ರಾಜ್ಯೋತ್ಸವದ ಊಟ ನೆನಪಾಯಿತು. ಅಲ್ಲ, ಇವರು ಸ್ಕೂಲ್ ಬಸ್ ಡ್ರೈವರ್, ದಿನಾ ಐವತ್ತೆಂಟು ಮಕ್ಕಳನ್ನು ಹೊತ್ತುಕೊಂಡು ಓಡಾಡುತ್ತಾರೆ, ನಾನು ಇವರ ಮಾತಿನ ಮೇಲೆ ಗಾಡಿ ಕೊಳ್ಳುವವನು, ನೀವು ಅವರ ಹತ್ತಿರವೇ ಮಾತಾಡಿ ಎಂದು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದ. ಸೇಲ್ಸ್‌ಮನ್ ಟೋಪಿ ತೆಗೆದು ಜಯದೇವಿಯ ಕಡೆ ತಿರುಗಿದ. ಆಂಟಿ ಮಾತ್ರ ಏನೂ ಆಗದವರ ಹಾಗೆ ಕಡ್ಡಿಯನ್ನು ಒರೆಸಿ ಒಳಗಿಟ್ಟರು.

ಎಲ್‌ಬಿಜೆ ಫ್ರೀವೇ ಮೇಲೆ ಅದನ್ನು ಡ್ರೈವ್ ಮಾಡಿದವರೂ ಅವರೇ. ಅಷ್ಟು ದೊಡ್ಡ ಗಾಡಿಯನ್ನು ನುಗ್ಗುವ ಟ್ರಾಫಿಕ್ಕಿನೊಳಗೆ ಅವರು ಸೇರಿಸಿದ್ದನ್ನು ನೋಡಿ ಮೋಹನರಾಜನಿಗೆ ಹಾಲಿಗೆ ಸಕ್ಕರೆ ಬೆರೆಸಿದ ಹಾಗೆ ಅನ್ನಿಸಿತು. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಬ್ರೇಕ್ ಹಾಕಲಿಲ್ಲ. ವಾಪಸ್ಸು ಬಂದು ಎರಡು ಕಾರುಗಳ ನಡುವಿನ ಕಿರಿದಾದ ಜಾಗಕ್ಕೆ, ಬರೀ ಕನ್ನಡಿ ನೋಡಿಕೊಂಡು, ಒಂದೇ ಸಲಕ್ಕೆ ಹಿಂದಕ್ಕೆ ಬಿಟ್ಟರು. ಇಳಿದು ಬೀಗದ ಕೈ ಅವನ ಅಂಗೈಯಲ್ಲಿಟ್ಟರು.

"ಚಂದ ಇಲ್ಲ. ಖರೆ ಐತಿ," ಅಂದರು.

ಹಳೆಯ ಮಿನಿವ್ಯಾನನ್ನು ಅಲ್ಲಿಯೇ ಕೊಟ್ಟು, ಸಂಜೆಯೊಳಗೆ ಸಬರ್ಬನ್ ತೆಗೆದುಕೊಂಡು ಬಂದರು. ನೀಲಕಂಠಪ್ಪನವರು ಅದರ ಮೂತಿಗೆ ಕುಂಕುಮ ಹಚ್ಚಿ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಅವರಿಗೆ ಆಫೀಸಿನ ಕೆಲಸವಿತ್ತು. ಮೊದಲ ಸಲ ಭಾರ ಎಳೆಯುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು ಎಂದು ಜಯದೇವಿಯೊಬ್ಬರೇ ಇವರ ಜೊತೆ ಹೊರಟರು.

ಭಾನುವಾರ ಡಾಲಸ್ಸಿನಿಂದ ಹ್ಯೂಸ್ಟನ್. ಕಡಲಿಗೆ ಹತ್ತಿರದ ಮೋಟೆಲಿನಲ್ಲಿ ತಂಗಿ, ಸೋಮವಾರ ಬೆಳಿಗ್ಗೆ ವಾಲ್ಟರ್ ಮನೆಗೆ ಹೋದರು. ವಾಲ್ಟರ್ ಕೋಲೂರಿಕೊಂಡು ಬಂದು, ದೋಣಿಗೆ ಹೊದಿಸಿದ್ದ ಹಚ್ಚಡ ತೆಗೆಸಿದ. ಬಿಸಿಲಿಗೆ ಬಿಳಿ ಮೈ ಝಗ್ಗೆಂದಿತು. ಆಗ ಮೋಹನರಾಜ ಜಯದೇವಿಯ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಭಾವ ಕಂಡ. ಅವರು ದೋಣಿಯ ಹತ್ತಿರ ಹೋಗಿ, ಅಂಗೈ ಚಾಚಿ, ಎಮ್ಮೆಯ ಮೈ ಸವರುವ ಹಾಗೆ ಅದರ ಪಕ್ಕೆಯನ್ನು ಮೂತಿಯಿಂದ ಬಾಲದವರೆಗೆ ಸವರಿಕೊಂಡು ನಡೆದರು. ಇಂಥ ದೋಣಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎಂದು ಸರೋಜಾಳಿಗೆ ಮೆಲ್ಲಗೆ ಹೇಳಿದರು. ಊರಲ್ಲಿ ಘಟಪ್ರಭೆ ದಾಟಲು ಹರಗೋಲು ಇತ್ತಂತೆ, ಹೆಣ್ಣುಮಕ್ಕಳು ಅದರ ನಡುವೆ ತಲೆ ತಗ್ಗಿಸಿ ಕೂರಬೇಕಿತ್ತಂತೆ.

ಕೊಂಡಿ ಸಿಕ್ಕಿಸಿ, ಸರಪಣಿಗಳನ್ನು ಅಡ್ಡಡ್ಡ ಹಾಕಿ, ದೀಪಗಳನ್ನು ಪರೀಕ್ಷಿಸಿ ಹೊರಟಾಗ ಹತ್ತು ಗಂಟೆ. ಮೋಹನರಾಜನೇ ಸ್ಟೀರಿಂಗ್ ಹಿಡಿದಿದ್ದ. ಜಯದೇವಿ ಪಕ್ಕದಲ್ಲಿ, ತಾಯಿ ಮಗಳು ಹಿಂದೆ. ಕೊಲಂಬಸ್ ತನಕ ದೊಡ್ಡ ಹೆದ್ದಾರಿ, ಅಲ್ಲಿಂದ ಆಸ್ಟಿನ್ ಕಡೆಗೆ ಎಪ್ಪತ್ತೊಂದನೆಯ ರಸ್ತೆ. ಬೆನ್ನ ಹಿಂದೆ ಅಷ್ಟು ಭಾರವಿದೆ ಎಂದು ಗಾಡಿ ಅವನಿಗೆ ಗೊತ್ತೇ ಮಾಡಿಕೊಡಲಿಲ್ಲ. ಏರು ಬಂದಾಗ ಒಂದು ಗೇರು ಇಳಿಸಿ, ಗುಟುರು ಹಾಕಿ, ಹತ್ತಿಬಿಡುತ್ತಿತ್ತು.

ಲಾ ಗ್ರೇಂಜ್ ದಾಟಿ ಸ್ವಲ್ಪ ದೂರ ಹೋಗಿರಬಹುದು. ಉದ್ದನೆಯ ಇಳಿಜಾರು. ಹಿಂದಿನಿಂದ ಢಮ್ ಎಂದು ಸದ್ದಾಯಿತು. ಕನ್ನಡಿಯಲ್ಲಿ ಕಪ್ಪು ರಬ್ಬರಿನ ಚೂರುಗಳು ಹಾರಿದವು. ಟ್ರೈಲರ್ ಬಾಲ ಬೀಸಿತು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಮೋಹನರಾಜನ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು.

"ಬ್ರೇಕ್ ಮುಟ್ಟಬ್ಯಾಡ," ಅಂದರು ಜಯದೇವಿ. ದನಿ ಒಂದಿಷ್ಟೂ ಏರಿರಲಿಲ್ಲ. "ಸ್ಟೀರಿಂಗ್ ನೆಟ್ಟಗ ಹಿಡಿ. ಕಾಲು ಸಾವಕಾಶ ತೆಗಿ. ಗಾಡಿ ತಾನ ಹಿಡಕೋತೈತಿ, ಬಿಡು."

ಅವನು ನೆಟ್ಟಗೆ ಹಿಡಿದ. ಕಾಲನ್ನು ಒಂದೊಂದೇ ಕೂದಲೆಳೆಯಷ್ಟು ಎತ್ತಿದ. ದೋಣಿ ಇನ್ನೊಮ್ಮೆ ಬೀಸಿತು, ಆದರೆ ಸಬರ್ಬನ್ನಿನ ಹಿಂಭಾಗ ಕದಲಲಿಲ್ಲ. ಪುಂಡ ಕರುವನ್ನು ಕಟ್ಟಿದ ಗೂಟದ ಹಾಗೆ ನೆಲ ಕಚ್ಚಿ ನಿಂತಿತು. ಮೂರನೆಯ ಸಲ ಬೀಸಿದ್ದು ಸಣ್ಣದಾಗಿತ್ತು. ಅಂತೂ ರಸ್ತೆಯ ಅಂಚಿನ ಜಲ್ಲಿಯ ಮೇಲೆ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಸಿಯಾ ಅಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಇಳಿದು ನೋಡಿದರು. ಟ್ರೈಲರಿಗೆ ಒಂದೊಂದು ಕಡೆ ಎರಡೆರಡು ಗಾಲಿ. ಎಡಗಡೆ ಹಿಂದಿನದರ ಟೈರು ಹರಿದುಹೋಗಿ ಬರೀ ರಿಮ್ಮು ಉಳಿದಿತ್ತು. ಜಯದೇವಿ ಕೂತು ಉಳಿದ ಮೂರು ಟೈರುಗಳ ಪಕ್ಕೆಯನ್ನು ಉಗುರಿನಿಂದ ಕೆರೆದರು. ನಿಂತಲ್ಲೇ ನಿಂತು ಒಣಗಿದ ರಬ್ಬರಿನಲ್ಲಿ ಸಣ್ಣ ಸಣ್ಣ ಬಿರುಕು. ಅವರು ತಕ್ಷಣ ಏಳಲಿಲ್ಲ. ಕೂತಲ್ಲಿಂದಲೇ ಅವನ ಮುಖ ನೋಡಿದರು.

"ಇದು ನನ್ನ ತಪ್ಪು, ಮೋಹನರಾಜ. ಬಸ್ಸಿನ ಗಾಲಿ ದಿನಾ ಮುಂಜಾನಿ ನೋಡ್ತೀನಿ, ಒಂದು ದಿನಾ ಬಿಟ್ಟಿಲ್ಲ. ಇವತ್ತ ದೋಣಿ ನೋಡ್ಕೋತ ನಿಂತೆ. ಗಾಲಿ ಮರತೆ."

ಯಾರೂ ಅವರನ್ನು ದೂರಿರಲಿಲ್ಲ. ಬಿಸಿಲಿಗೆ ಟೈರು ಹೋಯಿತು ಎಂದಿದ್ದರೆ ಮೋಹನರಾಜ ತಲೆಯಾಡಿಸುತ್ತಿದ್ದ. ಬಿರುಕುಗಳ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷದಿಂದ ಆಫೀಸಿನಲ್ಲಿ ಎಷ್ಟೋ ಮೀಟಿಂಗುಗಳಲ್ಲಿ ಅವನು ಕೂತಿದ್ದ. ಇಷ್ಟು ನೇರವಾಗಿ, ಇಷ್ಟು ಬೇಗ, ಯಾರೂ ಕೇಳದೆ ತಪ್ಪು ಒಪ್ಪಿಕೊಂಡವರನ್ನು ಅವನು ಕಂಡಿರಲಿಲ್ಲ. ತಾನೂ ಹಾಗೆ ಒಪ್ಪಿಕೊಂಡವನಲ್ಲ. ಏನಾದರೂ ಹೇಳಬೇಕೆನಿಸಿತು. ಹೊಳೆದದ್ದು ಒಂದೇ ಮಾತು: "ನೀವು ಪಕ್ಕದಲ್ಲಿರದೇ ಇದ್ದಿದ್ರೆ ನಾನು ಬ್ರೇಕ್ ಹಾಕ್ಬಿಡ್ತಿದ್ದೆ, ಆಂಟಿ."

ಅವರು ಎದ್ದು ಜಾಕ್ ತೆಗೆಸಿದರು. ವಾಲ್ಟರ್ ಒಂದು ಹೆಚ್ಚಿನ ಗಾಲಿ ಕೊಟ್ಟಿದ್ದ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುವುದನ್ನು ಅವನ ಕೈಯಿಂದಲೇ ಮಾಡಿಸಿದರು. ಅಲ್ಲಿಂದ ಮುಂದಿನ ಊರಿನವರೆಗೆ ನಲವತ್ತರ ವೇಗದಲ್ಲಿ ಹೋಗಿ, ನಾಲ್ಕೂ ಟೈರು ಹೊಸದು ಹಾಕಿಸಿದ ಮೇಲೆಯೇ ಮುಂದೆ ಹೊರಟರು. ಸೀಡರ್ ಪಾರ್ಕ್ ತಲುಪಿದಾಗ ಇನ್ನೂ ಬೆಳಕಿತ್ತು. ಪಕ್ಕದ ಮನೆಗಳವರು ಒಬ್ಬೊಬ್ಬರಾಗಿ ಹೊರಗೆ ಬಂದು ದೋಣಿ ನೋಡಿದರು. ಮೋಹನರಾಜ ಅವರಿಗೆಲ್ಲ ಗಾಡಿ ತೋರಿಸಿದ.

ಮಂಗಳವಾರ ಜನ ಇರುವುದಿಲ್ಲವೆಂದು ಬೆಳಿಗ್ಗೆಯೇ ಲೇಕ್ ಟ್ರ್ಯಾವಿಸ್ಸಿಗೆ ಹೋದರು. ನೀರಿಗೆ ಇಳಿಯುವ ಕಾಂಕ್ರೀಟಿನ ಇಳಿಜಾರಿನಲ್ಲಿ ಟ್ರೈಲರನ್ನು ಹಿಂದಕ್ಕೆ ಬಿಡಬೇಕು. ಬಸ್ಸಿಗೆ ಬಾಲ ಇರೋದಿಲ್ಲ, ಇದು ನನಗೂ ಹೊಸದು ಎಂದು ಜಯದೇವಿ ಮೊದಲೇ ಹೇಳಿಬಿಟ್ಟರು. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೈಲರ್ ಎಡಕ್ಕೆ ಹೋಗುತ್ತಿತ್ತು. ಮೋಹನರಾಜ ನಾಲ್ಕು ಸಲ ಸೊಟ್ಟಗೆ ಬಿಟ್ಟ. ಜಯದೇವಿ ಎರಡು ಸಲ ಪ್ರಯತ್ನಿಸಿ, ಅವರೂ ಸೊಟ್ಟಗೆ ಬಿಟ್ಟು, ಇಳಿದು ಬಂದು ನಕ್ಕರು. ಕೊನೆಗೆ ಸ್ಟೀರಿಂಗಿನ ಕೆಳಭಾಗವನ್ನು ಹಿಡಿದುಕೊಂಡು, ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಿದರೆ ಸಾಕಲ್ಲವೇ ಎಂದು ದಡದಲ್ಲಿ ನಿಂತು ಗಮನಿಸುತ್ತಿದ್ದ ಸರೋಜಾ ಕೇಳಿದಳು. ಹಾಗೆ ಮಾಡಿದ. ದೋಣಿ ನೆಟ್ಟಗೆ ಇಳಿದು ನೀರಿನ ಮೇಲೆ ತೇಲಿತು.

ದಡದಿಂದ ದೂರ ಹೋದ ಮೇಲೆ ಮೋಹನರಾಜ ಎದ್ದು ಚಾಲಕನ ಸೀಟು ಬಿಟ್ಟುಕೊಟ್ಟ. ಜಯದೇವಿ ಬೇಡ ಅನ್ನಲಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಮಾಡಿಕೊಂಡು ಕೂತು, ಮೊದಲು ಕನ್ನಡಿ ಎಲ್ಲಿದೆ ಎಂದು ಹುಡುಕಿದರು. ಆಮೇಲೆ ಕಾಲಿನಿಂದ ತಡಕಿ, ಬ್ರೇಕ್ ಯಾವುದು ಎಂದು ಕೇಳಿದರು. ದೋಣಿಗೆ ಬ್ರೇಕ್ ಇರುವುದಿಲ್ಲ, ಆಂಟಿ ಅಂದ. ಅವರು ಮುಂದಿನ ನೀರಿನ ಮೇಲೆ ಎಡಕ್ಕೂ ಬಲಕ್ಕೂ ಕಣ್ಣಾಡಿಸಿದರು. ಆಮೇಲೆ ವೇಗದ ಹಿಡಿಯನ್ನು ಮುಂದಕ್ಕೆ ಒತ್ತಿದರು. ಮೂತಿ ಎದ್ದಿತು. ಅವರ ಟೋಪಿ ಹಾರಿ ನೀರಿಗೆ ಬಿತ್ತು. ಸಿಯಾ ಕೇಕೆ ಹಾಕಿದಳು. ಜಯದೇವಿ ತಿರುಗಿ ನೋಡಲಿಲ್ಲ. ಬಿಚ್ಚಿದ ನರೆಗೂದಲು ಗಾಳಿಗೆ ಹಾರುತ್ತಿತ್ತು. ಬೆನ್ನು ನೆಟ್ಟಗಿತ್ತು, ತಲೆ ಎತ್ತಿ ಕೂತಿದ್ದರು.

ಬುಧವಾರ ಮಧ್ಯಾಹ್ನ ಅವರು ಇರ್ವಿಂಗಿಗೆ ಹಿಂತಿರುಗಬೇಕಿತ್ತು. ಸಬರ್ಬನ್ನಿನಲ್ಲೇ ಬಿಟ್ಟುಬರುತ್ತೇನೆ ಎಂದು ಮೋಹನರಾಜ ಎಷ್ಟು ಹೇಳಿದರೂ ಕೇಳಲಿಲ್ಲ. ಬರೀ ಒಬ್ಬಳನ್ನು ಬಿಡಲು ಅಷ್ಟು ದೊಡ್ಡ ಗಾಡಿ ಓಡಿಸುವುದು ತರವಲ್ಲ, ಬಸ್ಸಿಗೆ ಹೋಗುತ್ತೇನೆ ಅಂದರು. ಆಸ್ಟಿನ್ನಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಂಡು, ಸರೋಜಾ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು, ಎಲ್ಲರಿಗಿಂತ ಮೊದಲು ಹತ್ತಿದರು. ಕಿಟಕಿಯ ಪಕ್ಕದ ಸೀಟುಗಳೆಲ್ಲ ಖಾಲಿ ಇದ್ದವು. ಅವರು ಡ್ರೈವರನ ಹಿಂದೆ, ನಡುದಾರಿಯ ಅಂಚಿನ ಸೀಟಿನಲ್ಲಿ ಕೂತರು.

ಮೋಹನರಾಜ ಹೊರಗೆ ನಿಂತು ಕೈ ಬೀಸಿದ. ಅವರು ಈ ಕಡೆ ನೋಡುತ್ತಿರಲಿಲ್ಲ. ಡ್ರೈವರ್ ಕನ್ನಡಿ ಸರಿಮಾಡಿಕೊಳ್ಳುವುದನ್ನು, ಒಂದೊಂದು ಗುಂಡಿ ಒತ್ತುವುದನ್ನು, ಕತ್ತು ಮುಂದೆ ಚಾಚಿ ಗಮನವಿಟ್ಟು ನೋಡುತ್ತಿದ್ದರು. ಅವನು ಕೈ ಇಳಿಸಿ, ಬಸ್ಸು ತಿರುವು ದಾಟುವ ತನಕ ಅಲ್ಲೇ ನಿಂತಿದ್ದ.